ವೋಲ್ಟೇಜ್ ಎಲ್ಲಿ ಸೋರುತ್ತಿದೆ? ತೋಟದ ಮನೆಯಲ್ಲಿ ರೋಧ ಮತ್ತು ವಾಟ್ ಲೆಕ್ಕ ಹಾಕುವ ಬಗೆ

ವಿಜಯಪುರ ಜಿಲ್ಲೆಯಲ್ಲಿ ಊರು ಬಿಟ್ಟು ತೋಟದ ವಸ್ತಿಯಲ್ಲೇ ಬದುಕುವ ಕುಟುಂಬಗಳು ಬಹಳ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿರಲಿ, ಇಂಡಿ ತಾಲ್ಲೂಕಿನ ಲಿಂಬೆ ತೋಟಗಳಿರಲಿ, ಕಂಬದಿಂದ ಮನೆಗೆ, ಮನೆಯಿಂದ ಕೊಳವೆಬಾವಿಗೆ ಉದ್ದುದ್ದ ವೈರ್ ಎಳೆದಿರುತ್ತಾರೆ. ಚಳಿಗಾಲದ ಬೆಳಗ್ಗೆ ನೀರು ಕಾಯಲು ತಡವಾದರೆ ಹೊಸ ಕಾಯಿಲ್ ತರುತ್ತಾರೆ. ಮೋಟಾರ್ ಬಿಸಿಯಾದರೆ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ದೀಪ ಮಂಕಾದರೆ ಸ್ಟೆಬಿಲೈಜರ್ ಕೊಳ್ಳುತ್ತಾರೆ. ಹಣ ಖರ್ಚಾದ ಮೇಲೂ ತೊಂದರೆ ಹಾಗೇ ಉಳಿಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಏಕೆಂದರೆ ಬಹಳ ಸಲ ದೋಷ ಇರುವುದು ಸಾಮಾನಿನಲ್ಲಿ ಅಲ್ಲ, ಅದಕ್ಕೆ ವಿದ್ಯುತ್ ತರುವ ದಾರಿಯಲ್ಲಿ. ಆ ದಾರಿಯ ಯಾವ ತುಂಡಿನಲ್ಲಿ ದೋಷವಿದೆ ಎಂಬುದನ್ನು ಎರಡು ಅಳತೆ ಮತ್ತು ಒಂದು ಭಾಗಾಕಾರ ಹೇಳಿಬಿಡುತ್ತವೆ.

ಲೆಕ್ಕ ಹೊಸದಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಎಲ್ಲರೂ ಓದಿರುವುದೇ:

ರೋಧ (ಓಮ್) = ವೋಲ್ಟೇಜ್ ÷ ಆಂಪಿಯರ್
ಸಾಮರ್ಥ್ಯ (ವಾಟ್) = ವೋಲ್ಟೇಜ್ × ಆಂಪಿಯರ್

ಇವೆರಡನ್ನು ಬೆಸೆದರೆ ಇನ್ನೆರಡು ಸಿಗುತ್ತವೆ. ವಾಟ್ = ಆಂಪಿಯರ್ × ಆಂಪಿಯರ್ × ರೋಧ. ವಾಟ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ. ಮೊದಲನೆಯದು ವೈರ್ ಮತ್ತು ಜೋಡಣೆಗಳ ಬಿಸಿಯನ್ನು ಲೆಕ್ಕ ಹಾಕಲು, ಎರಡನೆಯದು ವೋಲ್ಟೇಜ್ ಕುಸಿದಾಗ ಕಾಯಿಲ್ ಎಷ್ಟು ಸೊರಗುತ್ತದೆ ಎಂದು ತಿಳಿಯಲು.

ಸೂತ್ರ ಎಲ್ಲರಿಗೂ ಗೊತ್ತು, ಎಡವುವುದು ಅಳತೆಯಲ್ಲಿ. ವೋಲ್ಟೇಜ್ ಮತ್ತು ಆಂಪಿಯರ್ ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಸಾಮಾನು ಓಡುತ್ತಿರುವಾಗಲೇ ಅಳೆಯಬೇಕು. ಬೆಳಗ್ಗೆ ಅಳೆದ ವೋಲ್ಟೇಜನ್ನು ಮಧ್ಯಾಹ್ನದ ಆಂಪಿಯರ್‌ನಿಂದ ಭಾಗಿಸಿದರೆ ಬರುವ ಅಂಕಿಗೆ ಅರ್ಥವಿಲ್ಲ. ಈ ನಿಯಮಕ್ಕೆ ತನ್ನ ಹೆಸರು ಕೊಟ್ಟ ಜರ್ಮನಿಯ ಶಾಲಾ ಶಿಕ್ಷಕ ಗೇಯಾರ್ಗ್ ಓಮ್ ಅವರಿಗೂ ಇದೇ ಕಾಟವಿತ್ತು. ಅವರು ಮೊದಲು ಬಳಸಿದ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗ ನಡೆಯುತ್ತಿರುವಾಗಲೇ ಇಳಿಯುತ್ತಿತ್ತು, ಹಾಗಾಗಿ ಅಂಕಿಗಳು ತಾಳೆಯಾಗುತ್ತಿರಲಿಲ್ಲ. ಕೊನೆಗೆ ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಿಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಏರಿಳಿತವಿಲ್ಲದ ವೋಲ್ಟೇಜ್ ಪಡೆದ ಮೇಲೆಯೇ ನಿಯಮ ಸ್ಪಷ್ಟವಾಯಿತು. 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ನಮ್ಮ ತೋಟದ ಲೈನ್ ಅವರ ಹಳೆಯ ಬ್ಯಾಟರಿಯಷ್ಟೇ ಚಂಚಲ. ಆದ್ದರಿಂದ ಈ ಎಚ್ಚರ ನಮಗೂ ಬೇಕು.

ಕೈ ಹಾಕುವ ಮೊದಲು

ಇದೇ ಲೆಕ್ಕವನ್ನು ಮೊದಲು ನಮ್ಮ ಮೈಗೆ ಅನ್ವಯಿಸೋಣ. ಒದ್ದೆ ಕೈಯಿಂದ ಕೈಗೆ ದೇಹದ ರೋಧ ಸುಮಾರು 1000 ಓಮ್‌ವರೆಗೆ ಇಳಿಯಬಹುದು. 230 ÷ 1000 = 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಮನೆಗಳಲ್ಲಿ ಜೀವರಕ್ಷಣೆಗೆಂದು ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಸಂಪರ್ಕ ಕಡಿದುಬಿಡಬೇಕು ಎಂದು ಲೆಕ್ಕ ಹಾಕಿ ಮಾಡಿದ್ದು. ನಿಮ್ಮ ತೋಟದ ಮನೆಯಲ್ಲಿ ಅದು ಇಲ್ಲದಿದ್ದರೆ ಮಲ್ಟಿಮೀಟರ್ ಕೊಳ್ಳುವುದಕ್ಕಿಂತ ಮೊದಲು ಅದನ್ನು ಹಾಕಿಸಿ, ಅರ್ಥಿಂಗ್ ಸರಿಪಡಿಸಿ.

ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್), ಮೀಟರ್‌ನ ಸೀಲ್ ಇವು ನಮ್ಮ ಕೈಗೆ ಸೇರಿದವಲ್ಲ. ಅಲ್ಲಿಯ ಕೆಲಸ ಲೈನ್‌ಮನ್‌ನದು. ಮೀಟರ್‌ನಿಂದ ಈಚೆಗಿನ ಮೇನ್ ಸ್ವಿಚ್ ಅಥವಾ ಎಂಸಿಬಿಯ (ಪ್ರವಾಹ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹೊರತುದಿಯಿಂದ ನಮ್ಮ ಅಳತೆ ಶುರು. ಅಲ್ಲಿ ಮುಚ್ಚಳ ತೆಗೆದು ಅಳೆಯುವ ಅಭ್ಯಾಸವಿಲ್ಲದಿದ್ದರೆ ಪರವಾನಗಿ ಇರುವ ವೈರ್‌ಮನ್‌ನನ್ನು ಜೊತೆಗೆ ಕರೆಯಿರಿ. ಲೆಕ್ಕವನ್ನು ನೀವೇ ಮಾಡಿ, ಕೈಯನ್ನು ಅವರು ಹಾಕಲಿ.

ಉಪಕರಣಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಕ್ಲಾಂಪ್ ಮೀಟರ್ ಕೊಳ್ಳಿ. ವೈರ್ ಕತ್ತರಿಸದೆ, ಅದರ ಸುತ್ತ ದವಡೆ ಹಾಕಿ ಆಂಪಿಯರ್ ಓದಬಹುದು. ಅದರಲ್ಲೇ ವೋಲ್ಟೇಜ್ ಅಳೆಯುವ ಎರಡು ಕಡ್ಡಿಗಳೂ ಇರುತ್ತವೆ. ಸಾದಾ ಮಲ್ಟಿಮೀಟರ್‌ನಲ್ಲಿ ಆಂಪಿಯರ್ ಅಳೆಯಲು ಹೋಗಿ ಅವಘಡವಾಗುವುದು ಬಹಳ ಸುಲಭ. ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿನಲ್ಲಿ ಬಿಟ್ಟು, ಮರೆತು ಸಾಕೆಟ್‌ಗೆ ಚುಚ್ಚಿದರೆ ಮೀಟರ್ ಒಂದು ತುಂಡು ತಂತಿಯಂತೆ ಫೇಸ್ ಮತ್ತು ನ್ಯೂಟ್ರಲ್ ಅನ್ನು ನೇರ ಕೂಡಿಸಿಬಿಡುತ್ತದೆ. ಅಗ್ಗದ ಮೀಟರ್ ಕೈಯಲ್ಲೇ ಸಿಡಿಯಬಹುದು. ಹಾಗೆಯೇ ಓಮ್ ಗುರುತಿಗೆ ತಿರುಗಿಸಿ ಕರೆಂಟ್ ಇರುವ ವೈರ್ ಮುಟ್ಟಿಸಬಾರದು. ಮೀಟರ್ ಮೇಲೆ 600 ವೋಲ್ಟ್, ಕ್ಯಾಟ್ 3 ಎಂಬ ಸುರಕ್ಷತಾ ದರ್ಜೆ ಮುದ್ರಿತವಾಗಿರುವುದನ್ನೇ ಆರಿಸಿ.

ಕ್ಲಾಂಪ್ ಮೀಟರ್‌ನ ದವಡೆಯೊಳಗೆ ಒಂದೇ ವೈರ್ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಸೇರಿದ ಕೇಬಲ್‌ಗೆ ಹಾಕಿದರೆ ಒಂದು ಇನ್ನೊಂದನ್ನು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಇದಕ್ಕಾಗಿ ಒಂದು ಅಳತೆಯ ಲೀಡ್ ಮಾಡಿಸಿಟ್ಟುಕೊಳ್ಳಿ: ಒಂದು ತುದಿಗೆ 16 ಆಂಪಿಯರ್ ಪ್ಲಗ್, ಇನ್ನೊಂದು ತುದಿಗೆ ಸಾಕೆಟ್, ನಡುವೆ ಅರ್ಧ ಮೀಟರ್ ಉದ್ದದ 2.5 ಚದರ ಮಿಲಿಮೀಟರ್‌ನ ಮೂರು ಬಿಡಿ ವೈರ್‌ಗಳು. ಮೂರೂ ತಮ್ಮ ತಮ್ಮ ಹೊದಿಕೆಯಲ್ಲಿ ಇಡಿಯಾಗಿರಬೇಕು, ಅರ್ಥ್ ವೈರ್ ತಪ್ಪಬಾರದು. ಫ್ಯಾನ್, ಟಿವಿಯಂಥ ಕಡಿಮೆ ಆಂಪಿಯರ್ ಎಳೆಯುವ ಸಾಮಾನು ಅಳೆಯಬೇಕಾದಾಗ ಇನ್ನೊಂದು ಉಪಾಯವಿದೆ. ಫೇಸ್ ವೈರ್ ಮಾತ್ರ ಉದ್ದವಿರುವ ತೆಳು ಲೀಡ್ ಮಾಡಿ, ಅದನ್ನು ದವಡೆಯೊಳಗಿಂದ ಹತ್ತು ಸುತ್ತು ಹಾಯಿಸಿ. ಮೀಟರ್ 3.1 ತೋರಿಸಿದರೆ ನಿಜವಾದ ಪ್ರವಾಹ 0.31 ಆಂಪಿಯರ್.

ಕಾಯಿಲ್‌ನಿಂದ ಶುರು ಮಾಡಿ

ಕಲಿಯುವವರಿಗೆ ನೀರು ಕಾಯಿಸುವ ಕಾಯಿಲ್‌ಗಿಂತ ಒಳ್ಳೆಯ ಗುರು ಇಲ್ಲ. ಅದು ಶುದ್ಧ ರೋಧ, ಬಂದ ವಿದ್ಯುತ್ತನ್ನೆಲ್ಲ ಬಿಸಿ ಮಾಡುತ್ತದೆ, ಬೇರೆ ಆಟವಿಲ್ಲ. ಹದಿನೈದು ಲೀಟರ್ ನೀರು ತುಂಬಿದ ಬಕೆಟ್‌ನಲ್ಲಿ 1500 ವಾಟ್‌ನ ಕಾಯಿಲ್ ಇಟ್ಟು, ಅಳತೆಯ ಲೀಡ್ ಮೂಲಕ ಹಚ್ಚಿ. ಸ್ವಿಚ್ ಹಾಕಿದ ಮೇಲೆ ಬಕೆಟ್ ಮುಟ್ಟಬೇಡಿ. ಫೇಸ್ ವೈರ್‌ಗೆ ಕ್ಲಾಂಪ್ ಹಾಕಿ. ಪಕ್ಕದ ಸಾಕೆಟ್‌ನಲ್ಲಿ ವೋಲ್ಟೇಜ್ ಓದಿ. ಮೀಟರ್‌ನ ಗುಂಡಿ ವಿ ಅಕ್ಷರದ ಮೇಲೆ ಅಲೆಯಾಕಾರದ ಗೆರೆ ಇರುವ ಗುರುತಿಗೆ ತಿರುಗಿರಬೇಕು.

ವೋಲ್ಟೇಜ್ 218, ಪ್ರವಾಹ 6.2 ಆಂಪಿಯರ್ ಬಂತು ಎಂದುಕೊಳ್ಳಿ.

ರೋಧ = 218 ÷ 6.2 = 35.2 ಓಮ್
ವಾಟ್ = 218 × 6.2 = 1352

ಕಾಯಿಲ್ ಕೆಟ್ಟಿದೆಯೇ? ಅದರ ಮೇಲೆ ಬರೆದ ಅಂಕಿಯಿಂದ ನೋಡೋಣ. 230 ವೋಲ್ಟ್‌ಗೆ 1500 ವಾಟ್ ಎಂದರೆ ರೋಧ 230 × 230 ÷ 1500 = 35.3 ಓಮ್ ಇರಬೇಕು. ನಾವು ಅಳೆದದ್ದು 35.2. ಕಾಯಿಲ್ ಪೂರ್ತಿ ಸರಿಯಾಗಿದೆ. 1500ರ ಬದಲು 1352 ವಾಟ್ ಕೊಡುತ್ತಿರುವುದು ಅದರ ತಪ್ಪಲ್ಲ, ಅದಕ್ಕೆ ಸಿಗುತ್ತಿರುವ ವೋಲ್ಟೇಜ್ ಕಡಿಮೆ. ಹೊಸ ಕಾಯಿಲ್ ತಂದರೂ ಇಷ್ಟೇ ಕೊಡುತ್ತದೆ.

ಈಗ ವೋಲ್ಟೇಜ್ 180ಕ್ಕೆ ಇಳಿಯಿತು ಎನ್ನಿ. ತೋಟಗಳಲ್ಲಿ ಬೆಳಗಿನ ಹೊತ್ತು ಎಲ್ಲರೂ ಒಟ್ಟಿಗೆ ಪಂಪ್ ಹಚ್ಚಿದಾಗ ಇದು ಅಪರೂಪವಲ್ಲ. 180 × 180 ÷ 35.3 = 918 ವಾಟ್. 230 ವೋಲ್ಟ್, 1500 ವಾಟ್‌ಗೆ ಹೋಲಿಸಿದರೆ ವೋಲ್ಟೇಜ್ ಇಳಿದದ್ದು ಶೇ 22ರಷ್ಟು, ಬಿಸಿ ಇಳಿದದ್ದು ಶೇ 39ರಷ್ಟು. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ತರಲು ಸುಮಾರು 1256 ಕಿಲೊ ಜೌಲ್ ಬೇಕು. 1352 ವಾಟ್‌ನಲ್ಲಿ ಅದು ಹದಿನೈದೂವರೆ ನಿಮಿಷದ ಕೆಲಸ, 918 ವಾಟ್‌ನಲ್ಲಿ ಇಪ್ಪತ್ತಮೂರು ನಿಮಿಷ. ಗಾಳಿಗೆ ಹೋಗುವ ಬಿಸಿ ಇದರಲ್ಲಿ ಸೇರಿಲ್ಲ. ನೀರು ತಡವಾಗಿ ಕಾಯುತ್ತಿದೆ ಎಂಬ ಮನೆಯ ಹೆಣ್ಣುಮಕ್ಕಳ ದೂರು ಎಷ್ಟು ನಿಖರವಾದ ಅಳತೆ ಎಂಬುದು ಇಲ್ಲಿ ತಿಳಿಯುತ್ತದೆ. ವೋಲ್ಟ್‌ಮೀಟರ್‌ಗಿಂತ ಮೊದಲು ಅವರು ವೋಲ್ಟೇಜ್ ಕುಸಿತವನ್ನು ಕಂಡುಹಿಡಿದಿರುತ್ತಾರೆ.

ಅಂಕಿಗಳನ್ನು ಅತಿಯಾಗಿ ನಂಬಬೇಡಿ. ಕ್ಯಾಲ್ಕುಲೇಟರ್ 35.16129 ಎಂದು ತೋರಿಸುತ್ತದೆ. ಆದರೆ ಮೀಟರ್ ತೋರಿಸಿದ 6.2 ಎಂಬುದು 6.15 ಇರಬಹುದು, 6.25 ಕೂಡ ಇರಬಹುದು. ಆಗ ರೋಧ 34.9ರಿಂದ 35.4ರ ನಡುವೆ ಎಲ್ಲಿಯಾದರೂ ಇದ್ದೀತು. ಅದರ ಮೇಲೆ ಮೀಟರ್‌ನದೇ ಒಂದೆರಡು ಶೇಕಡಾ ದೋಷ. ಕಾಯಿಲ್‌ನ ರೋಧ 35 ಓಮ್ ಎಂದರೆ ನಮ್ಮ ಕೆಲಸಕ್ಕೆ ಸಾಕು.

ತಣ್ಣಗಿರುವಾಗ ಓಮ್ ಅಳೆದು ಲೆಕ್ಕ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕಾಯಿಲ್‌ನ ನೈಕ್ರೋಮ್ ತಂತಿಗೆ ಅದು ಹೊಂದುತ್ತದೆ. ಬಿಸಿಯಾದಾಗ ಅದರ ರೋಧ ಅಷ್ಟೇನೂ ಬದಲಾಗುವುದಿಲ್ಲ. ಹಳೆಯ ತಂತಿ ಬಲ್ಬ್‌ಗೆ ಹೊಂದುವುದಿಲ್ಲ. 100 ವಾಟ್‌ನ ಬಲ್ಬ್ ಉರಿಯುವಾಗ ಅದರ ರೋಧ 529 ಓಮ್. ಆರಿಸಿ ತಣ್ಣಗಾದ ಮೇಲೆ ಅಳೆದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಎಲ್‌ಇಡಿ ಬಲ್ಬ್‌ನಲ್ಲಂತೂ ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದರಿಂದ ವೋಲ್ಟೇಜ್ ಭಾಗಿಸು ಆಂಪಿಯರ್ ಎಂಬ ಅಂಕಿಯನ್ನು ರೋಧ ಎಂದು ಕರೆಯುವಂತೆಯೇ ಇಲ್ಲ.

ವೈರ್‌ನ ಒಳಗೆ ಸೋರುವ ವೋಲ್ಟೇಜ್

ಈ ಬರಹದ ತಿರುಳು ಇಲ್ಲಿದೆ. ಮೀಟರ್ ಪೆಟ್ಟಿಗೆ ಕಂಬದ ಬಳಿ, ಮನೆ ಅಲ್ಲಿಂದ ನೂರು ಮೀಟರ್ ಒಳಗೆ ಎಂದುಕೊಳ್ಳಿ. ಕಾಯಿಲ್ ಉರಿಯುತ್ತಿರುವಾಗ ಮನೆಯಲ್ಲಿ 218 ವೋಲ್ಟ್ ಬಂದಿತ್ತು. ಅದೇ ಕ್ಷಣದಲ್ಲಿ ಮೀಟರ್ ಕಡೆಯ ತುದಿಯಲ್ಲಿ ಎಷ್ಟಿತ್ತು? ಇಬ್ಬರು ಇದ್ದು ಎರಡು ಕ್ಲಾಂಪ್ ಮೀಟರ್ ಇದ್ದರೆ ಮೊಬೈಲ್‌ನಲ್ಲಿ ಮಾತಾಡುತ್ತಲೇ ಒಟ್ಟಿಗೆ ಓದಬಹುದು. ಒಂದೇ ಮೀಟರ್ ಇದ್ದರೆ ಮೊದಲು ಕಂಬದ ಬಳಿ ಓದಿ, ಮನೆಗೆ ಬಂದು ಓದಿ, ಮತ್ತೆ ಕಂಬದ ಬಳಿ ಹೋಗಿ ಓದಿ. ಮೊದಲ ಮತ್ತು ಮೂರನೆಯ ಅಂಕಿ ಒಂದೇ ಆಗಿದ್ದರೆ ನಡುವಿನದನ್ನು ನಂಬಬಹುದು. ಬೇರೆಯಾಗಿದ್ದರೆ ಲೈನ್ ಏರಿಳಿಯುತ್ತಿದೆ, ಇನ್ನೊಮ್ಮೆ ಮಾಡಬೇಕು.

ನಾಲ್ಕು ಅಂಕಿ ಸಿಗುತ್ತವೆ. ಕಾಯಿಲ್ ಆರಿಸಿದಾಗ ಮೀಟರ್ ಬಳಿ 229, ಮನೆಯಲ್ಲೂ 229. ಕಾಯಿಲ್ ಹಚ್ಚಿದಾಗ ಮೀಟರ್ ಬಳಿ 227, ಮನೆಯಲ್ಲಿ 218.

ಆರಿಸಿದಾಗ ಎರಡೂ ಕಡೆ ಒಂದೇ ಇರುವುದನ್ನು ಗಮನಿಸಿ. ಪ್ರವಾಹ ಇಲ್ಲದಿದ್ದರೆ ವೈರ್‌ನಲ್ಲಿ ವೋಲ್ಟೇಜ್ ಸೋರುವುದೇ ಇಲ್ಲ. ಟೆಸ್ಟರ್ ಉರಿಯುತ್ತಿದೆ, ಮೀಟರ್ 229 ತೋರಿಸುತ್ತಿದೆ, ಲೈನ್ ಸರಿ ಇದೆ ಎಂದು ಖಾಲಿ ವೈರ್ ಅಳೆದು ಹೇಳುವ ಮಾತಿಗೆ ಬೆಲೆ ಇಲ್ಲ ಎನ್ನುವುದು ಇದಕ್ಕೇ. ಭಾರ ಹಾಕಿಯೇ ಅಳೆಯಬೇಕು.

ಹಚ್ಚಿದಾಗ ನಡುವೆ ಕಳೆದದ್ದು 227 − 218 = 9 ವೋಲ್ಟ್. ವೈರ್‌ನ ರೋಧ 9 ÷ 6.2 = 1.45 ಓಮ್. ವೈರ್ ಬಿಸಿ ಮಾಡಲು ಹೋದದ್ದು 9 × 6.2 = 56 ವಾಟ್.

ಇದು ಸಹಜವೋ ದೋಷವೋ? ಅದಕ್ಕೆ ವೈರ್‌ನ ಉದ್ದ ಮತ್ತು ದಪ್ಪದಿಂದ ಲೆಕ್ಕ ಹಾಕಬೇಕು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿಯ ರೋಧ ಸುಮಾರು 0.028 ಓಮ್. ತಾಮ್ರಕ್ಕೆ ಸುಮಾರು 0.017. ಉದ್ದದಿಂದ ಗುಣಿಸಿ, ದಪ್ಪದಿಂದ ಭಾಗಿಸಬೇಕು. ನಮ್ಮ ವೈರ್ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ. ದೂರ ನೂರು ಮೀಟರ್ ಆದರೂ ಪ್ರವಾಹ ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಬೇಕು, ಆದ್ದರಿಂದ ಉದ್ದ ಇನ್ನೂರು ಮೀಟರ್. ಈ ಹೋಗಿಬರುವ ಲೆಕ್ಕವನ್ನು ಬಿಟ್ಟವರಿಗೆ ಉತ್ತರ ಅರ್ಧವೇ ಬರುತ್ತದೆ.

200 × 0.028 ÷ 4 = 1.4 ಓಮ್. ಅಳೆದದ್ದು 1.45. ವೈರ್ ಸರಿಯಾಗಿದೆ, ಜೋಡಣೆಗಳೂ ಸರಿಯಾಗಿವೆ. 9 ವೋಲ್ಟ್ ಎಂದರೆ 230ರಲ್ಲಿ ಶೇ 4. ವೈರಿಂಗ್‌ನಲ್ಲಿ ಸೋರಿಕೆ ಸಾಮಾನ್ಯವಾಗಿ ಶೇ 5ರ ಒಳಗಿರಬೇಕು ಎನ್ನುತ್ತಾರೆ. ಇನ್ನೊಂದು ದೊಡ್ಡ ಸಾಮಾನು ಹಚ್ಚಿದರೆ ಈ ಮಿತಿ ದಾಟುತ್ತದೆ, ಆಗ ದಪ್ಪ ವೈರ್ ಎಳೆಸಬೇಕು. 10 ಚದರ ಮಿಲಿಮೀಟರ್‌ದು ಹಾಕಿದರೆ ರೋಧ 0.56 ಓಮ್‌ಗೆ ಇಳಿಯುತ್ತದೆ.

ಇದೇ ಅಂಕಿಗಳಲ್ಲಿ ಇನ್ನೊಂದು ಸುದ್ದಿಯೂ ಇದೆ. ಕಾಯಿಲ್ ಹಚ್ಚಿದಾಗ ಮೀಟರ್ ಬಳಿಯೇ 229ರಿಂದ 227ಕ್ಕೆ ಇಳಿಯಿತು. ಆ 2 ವೋಲ್ಟ್ ಸೋರಿದ್ದು ಮೀಟರ್‌ನಿಂದ ಆಚೆ, ಸರ್ವಿಸ್ ವೈರ್, ಲೈನ್ ಮತ್ತು ಟಿಸಿಯಲ್ಲಿ. 2 ÷ 6.2, ಸುಮಾರು 0.3 ಓಮ್. ಹೀಗೆ ಎರಡೂ ಕಡೆಯ ಲೆಕ್ಕವನ್ನು ಬೇರೆ ಮಾಡಿ ಇಟ್ಟುಕೊಂಡರೆ, ದೋಷ ನಮ್ಮ ವೈರ್‌ನದೋ ಕಂಪನಿಯ ಲೈನ್‌ನದೋ ಎಂದು ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಈಗ ಕೆಟ್ಟ ಜೋಡಣೆ ಹೇಗೆ ಕಾಣುತ್ತದೆ ನೋಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದಾಗ ಮೀಟರ್ ಬಳಿ 227, ಮನೆಯಲ್ಲಿ 212, ಪ್ರವಾಹ 6.0 ಆಂಪಿಯರ್ ಬಂತು ಎನ್ನಿ. ಕಾಯಿಲ್‌ನ ರೋಧ 212 ÷ 6.0 = 35.3, ಮೊದಲಿನಷ್ಟೇ. ವೈರ್‌ನ ರೋಧ 15 ÷ 6.0 = 2.5 ಓಮ್. ಮೊದಲು 1.45 ಇತ್ತು. ಹೊಸದಾಗಿ ಸೇರಿಕೊಂಡದ್ದು 1.05 ಓಮ್. ಇನ್ನೂರು ಮೀಟರ್ ತಂತಿ ತಾನಾಗಿ ಸವೆಯುವುದಿಲ್ಲ. ಈ ಒಂದು ಓಮ್ ಯಾವುದೋ ಒಂದು ಜೋಡಣೆಯಲ್ಲಿ ಕುಳಿತಿದೆ. ಅಲ್ಲಿ ಹುಟ್ಟುವ ಬಿಸಿ 6.0 × 6.0 × 1.05 = 38 ವಾಟ್.

38 ವಾಟ್ ಸಣ್ಣದೆಂದು ತೋರಬಹುದು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವಾಟ್‌ನದು. ಅದಕ್ಕಿಂತ ಹೆಚ್ಚಿನ ಬಿಸಿ ಬೆರಳುದ್ದದ ಜೋಡಣೆಯೊಳಗೆ, ಪ್ಲಾಸ್ಟಿಕ್ ಟೇಪಿನ ಕೆಳಗೆ, ಕಾಯಿಲ್ ಉರಿಯುವಷ್ಟು ಹೊತ್ತೂ ಇರುತ್ತದೆ. ಪಕ್ಕದಲ್ಲಿ ಮೇವಿನ ಬಣವೆಯಿದ್ದರೆ, ದ್ರಾಕ್ಷಿ ಒಣಗಿಸುವ ಶೆಡ್ ಇದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದರೂ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ಏಕೆಂದರೆ ಒಟ್ಟು ಪ್ರವಾಹ ಹೆಚ್ಚಾಗಿಲ್ಲ, ಕಡಿಮೆಯೇ ಆಗಿದೆ. ಸಡಿಲ ಜೋಡಣೆಯನ್ನು ಹಿಡಿಯುವುದು ಈ ಭಾಗಾಕಾರ ಮಾತ್ರ.

ತೋಟದ ವೈರ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ನೇರವಾಗಿ ಹೊಸೆದು ಟೇಪ್ ಸುತ್ತಿದ ಜೋಡಣೆ. ಟೇಪ್ ಬಿಚ್ಚಿದರೆ ಒಳಗೆ ಬಿಳಿ ಪುಡಿ, ಅಂಚಿನಲ್ಲಿ ಕಪ್ಪು ಕಲೆ, ಕರಗಿ ಅಂಟಾದ ಪ್ಲಾಸ್ಟಿಕ್. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡೊಡನೆ ಅದರ ಮೇಲೆ ವಿದ್ಯುತ್ ಹಾಯದ ತೆಳು ಪೊರೆ ಕಟ್ಟುತ್ತದೆ. ತಾಮ್ರದ ಜೊತೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಒತ್ತಡದಲ್ಲಿ ಅದು ನಿಧಾನವಾಗಿ ಜರುಗಿ ಸಡಿಲವೂ ಆಗುತ್ತದೆ. ಇದಕ್ಕೆ ಮದ್ದು ಇನ್ನಷ್ಟು ಟೇಪ್ ಅಲ್ಲ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಅಥವಾ ಕನೆಕ್ಟರ್ ಹಾಕಿ, ಯಂತ್ರದಿಂದ ಒತ್ತಿಸಿ, ನೀರು ಹೋಗದ ಪೆಟ್ಟಿಗೆಯಲ್ಲಿಡಬೇಕು. ಮೇನ್ ಆಫ್ ಮಾಡಿಯೇ ಈ ಕೆಲಸ.

ಹಲವು ಜೋಡಣೆಗಳಿದ್ದರೆ ಯಾವುದು ಎಂದು ಹುಡುಕಲು ದಾರಿಯನ್ನು ತುಂಡು ಮಾಡಿ ಅಳೆಯಿರಿ. ಮೀಟರ್‌ನಿಂದ ಜಂಕ್ಷನ್ ಪೆಟ್ಟಿಗೆಯವರೆಗೆ ಒಂದು, ಪೆಟ್ಟಿಗೆಯಿಂದ ಮನೆಯ ಬೋರ್ಡ್‌ವರೆಗೆ ಒಂದು, ಬೋರ್ಡ್‌ನಿಂದ ಸಾಕೆಟ್‌ಗೆ ಒಂದು. ಸೋರಿಕೆ ಎಲ್ಲಿ ಉದ್ದಕ್ಕೆ ಹೊಂದದೆ ಜಿಗಿಯುತ್ತದೆಯೋ ಅಲ್ಲಿ ದೋಷವಿದೆ.

ಸ್ಟೆಬಿಲೈಜರ್ ಈ ಕಾಯಿಲೆಗೆ ಔಷಧವಲ್ಲ, ಹಲವು ಸಲ ವಿಷವೇ. 180 ವೋಲ್ಟನ್ನು 230ಕ್ಕೆ ಏರಿಸಿ ಕಾಯಿಲ್‌ಗೆ 6.5 ಆಂಪಿಯರ್ ಕೊಡಬೇಕಾದರೆ ಅದು ವೈರ್‌ನಿಂದ 8.3 ಆಂಪಿಯರ್‌ಗಿಂತ ಹೆಚ್ಚು ಎಳೆಯಬೇಕು. ಮೊದಲು ಎಳೆಯುತ್ತಿದ್ದದ್ದು 5.1. ಪ್ರವಾಹ ಹೆಚ್ಚಾದಷ್ಟೂ ವೈರ್‌ನಲ್ಲಿ ಸೋರಿಕೆ ಹೆಚ್ಚು, ಸಡಿಲ ಜೋಡಣೆಯ ಬಿಸಿ ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಮೊದಲು ವೈರ್ ಸರಿಪಡಿಸಿ, ಆಮೇಲೂ ಬೇಕೆನಿಸಿದರೆ ಸ್ಟೆಬಿಲೈಜರ್.

ಇನ್ನೊಂದು ಎಚ್ಚರ. ಏನನ್ನಾದರೂ ಹಚ್ಚಿದಾಗ ಮನೆಯ ಒಂದು ಕಡೆ ವೋಲ್ಟೇಜ್ ಇಳಿಯುವ ಬದಲು 250 ದಾಟಿ ಏರಿದರೆ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ ಮೇನ್ ಆಫ್ ಮಾಡಿ. ಎಲ್ಲೋ ನ್ಯೂಟ್ರಲ್ ಕಡಿದಿದೆ ಎಂದೇ ತಿಳಿಯಬೇಕು.

ಮೀಟರ್‌ನ ಕೆಂಪು ದೀಪದಿಂದ ತಾಳೆ ನೋಡುವುದು

ಮನೆಯ ಎಲೆಕ್ಟ್ರಾನಿಕ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು 1600, 3200 ಹೀಗೆ ಅಂಕಿ ಬರೆದಿರುತ್ತದೆ. ಒಂದು ಯೂನಿಟ್ ಎಂದರೆ ಸಾವಿರ ವಾಟ್ ಒಂದು ತಾಸು. ಉಳಿದದ್ದೆಲ್ಲ ಆರಿಸಿ, ಕಾಯಿಲ್ ಒಂದನ್ನೇ ಹಚ್ಚಿ, ಒಂದು ನಿಮಿಷ ಎಣಿಸಿ.

ವಾಟ್ = ಒಂದು ನಿಮಿಷದ ಮಿಣುಕು × 60,000 ÷ ಮೀಟರ್ ಮೇಲಿನ ಅಂಕಿ

3200ರ ಮೀಟರ್‌ನಲ್ಲಿ 75 ಮಿಣುಕು ಬಂದರೆ 75 × 60,000 ÷ 3200 = 1406 ವಾಟ್. ಕಾಯಿಲ್‌ನಲ್ಲಿ ಅಳೆದದ್ದು 1352, ವೈರ್‌ನಲ್ಲಿ ಕಳೆದದ್ದು 56, ಕೂಡಿಸಿದರೆ 1408. ಬೇರೆ ಬೇರೆ ದಾರಿಯಲ್ಲಿ ಬಂದ ಅಂಕಿಗಳು ಹೀಗೆ ಒಂದಕ್ಕೊಂದು ಕೂಡಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ, ಪಾಠದಲ್ಲಿ ಓದಿದ ಸೂತ್ರ ಅವರಿಗೆ ಮತ್ತೆ ಮರೆಯುವುದಿಲ್ಲ. ವೈರ್‌ನಲ್ಲಿ ಸೋರಿದ ವಿದ್ಯುತ್ತೂ ನಮ್ಮ ಮೀಟರ್‌ನಲ್ಲಿ ದಾಖಲಾಗಿದೆ ಎಂಬುದೂ ಇಲ್ಲಿ ಕಾಣುತ್ತದೆ. ದಿನಕ್ಕೆ ಅರ್ಧ ತಾಸು ಕಾಯಿಲ್ ಹಚ್ಚಿದರೆ ತಿಂಗಳಿಗೆ ಸುಮಾರು 21 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಹತ್ತಿರ ಇರುವ ಮನೆಯವರಿಗೆ ಈ ಲೆಕ್ಕ ಬೇಕಾಗುತ್ತದೆ.

ಮೋಟಾರ್‌ಗೆ ಬೇರೆ ಲೆಕ್ಕ

ಮೋಟಾರ್‌ನಲ್ಲಿ ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿ ಬಂದದ್ದು ಸುತ್ತಿನ ತಂತಿಯ ರೋಧವಲ್ಲ. ವೋಲ್ಟೇಜ್ ಗುಣಿಸು ಆಂಪಿಯರ್ ಎಂಬುದು ನಿಜವಾದ ವಾಟ್ ಕೂಡ ಅಲ್ಲ, ಅದಕ್ಕೆ ವೋಲ್ಟ್ ಆಂಪಿಯರ್ ಎನ್ನುತ್ತಾರೆ. ಮೋಟಾರ್ ತನ್ನ ಕಾಂತಕ್ಷೇತ್ರಕ್ಕಾಗಿ ಸ್ವಲ್ಪ ಪ್ರವಾಹವನ್ನು ಎಳೆದು ಮರಳಿಸುತ್ತಲೇ ಇರುತ್ತದೆ. ಆಂಪಿಯರ್‌ನಲ್ಲಿ ಅದು ಕಾಣುತ್ತದೆ, ಕೆಲಸದಲ್ಲಿ ಕಾಣುವುದಿಲ್ಲ. ನಿಜವಾದ ವಾಟ್‌ಗೂ ವೋಲ್ಟ್ ಆಂಪಿಯರ್‌ಗೂ ಇರುವ ಅನುಪಾತವೇ ಪವರ್ ಫ್ಯಾಕ್ಟರ್.

ಒಂದು ಎಚ್‌ಪಿಯ ಸಿಂಗಲ್ ಫೇಸ್ ಪಂಪ್ ಮೀಟರ್ ಬಳಿ 220 ವೋಲ್ಟ್‌ನಲ್ಲಿ 7.0 ಆಂಪಿಯರ್ ಎಳೆಯಿತು ಎನ್ನಿ. 220 × 7.0 = 1540 ವೋಲ್ಟ್ ಆಂಪಿಯರ್. ಅದೇ 3200ರ ಮೀಟರ್‌ನ ಕೆಂಪು ದೀಪ ನಿಮಿಷಕ್ಕೆ 62 ಸಲ ಮಿಣುಕಿದರೆ ನಿಜವಾದ ವಾಟ್ 1162. ಪವರ್ ಫ್ಯಾಕ್ಟರ್ 1162 ÷ 1540 = 0.75. ಒಂದು ಎಚ್‌ಪಿ ಎಂದರೆ 746 ವಾಟ್, ಅದು ಶಾಫ್ಟ್‌ನಲ್ಲಿ ಸಿಗುವ ಕೆಲಸ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ರಬಕವಿ ಬನಹಟ್ಟಿಯ ಪವರ್‌ಲೂಮ್ ಮೋಟಾರ್‌ಗಳಿಗೂ ಇದೇ ಲೆಕ್ಕ. ಸರಿಯಾದ ಅಳತೆಯ ಕೆಪಾಸಿಟರ್ ಹಾಕಿದರೆ ಅದರ ಹಿಂದಿನ ವೈರ್‌ನಲ್ಲಿ ಆಂಪಿಯರ್ ಇಳಿಯುತ್ತದೆ, ವೈರ್‌ನ ಸೋರಿಕೆಯೂ ಇಳಿಯುತ್ತದೆ. ಮೋಟಾರ್ ಎಳೆಯುವ ವಾಟ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕೊಳವೆಬಾವಿಯ ಮೂರು ಫೇಸ್ ಮೋಟಾರ್‌ಗೆ:

ವಾಟ್ = 1.732 × ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ × ಒಂದು ಫೇಸ್‌ನ ಆಂಪಿಯರ್ × ಪವರ್ ಫ್ಯಾಕ್ಟರ್

5 ಎಚ್‌ಪಿ ಮೋಟಾರ್ 400 ವೋಲ್ಟ್‌ನಲ್ಲಿ 8.8 ಆಂಪಿಯರ್ ಎಳೆದು, ಪವರ್ ಫ್ಯಾಕ್ಟರ್ 0.8 ಇದ್ದರೆ 1.732 × 400 × 8.8 × 0.8 = 4877 ವಾಟ್. ಅಂದರೆ ತಾಸಿಗೆ ಸುಮಾರು 4.9 ಯೂನಿಟ್.

ವೋಲ್ಟೇಜ್ ಕುಸಿದಾಗ ಕಾಯಿಲ್ ಸುಮ್ಮನೆ ಸೊರಗುತ್ತದೆ, ಮೋಟಾರ್ ಹಾಗಲ್ಲ. ಅಷ್ಟೇ ಆಳದಿಂದ ನೀರು ಎತ್ತಬೇಕಾದ್ದರಿಂದ ಅದು ಹೆಚ್ಚು ಪ್ರವಾಹ ಎಳೆಯುತ್ತದೆ. 400ರ ಬದಲು 340 ಸಿಕ್ಕರೆ 8.8 ಆಂಪಿಯರ್ ಸುಮಾರು 10.4ಕ್ಕೆ ಏರುತ್ತದೆ. ಸುತ್ತಿನ ತಂತಿಯ ಬಿಸಿ ಆಂಪಿಯರ್‌ನ ವರ್ಗಕ್ಕೆ ಹೊಂದಿ ಏರುವುದರಿಂದ ಶೇ 40ರಷ್ಟು ಹೆಚ್ಚು ಬಿಸಿ. ಬೇಸಿಗೆಯಲ್ಲಿ ಮೋಟಾರ್‌ಗಳು ಸಾಲುಸಾಲಾಗಿ ಸುಡುವುದರ ಹಿಂದೆ ಈ ಲೆಕ್ಕ ಇದೆ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇಯನ್ನು ಮೋಟಾರ್‌ನ ಪ್ಲೇಟ್ ಮೇಲೆ ಬರೆದ ಆಂಪಿಯರ್‌ಗೆ ಹೊಂದಿಸಿರುವುದು ಇದನ್ನು ತಡೆಯಲೆಂದೇ. ಅದು ಪದೇ ಪದೇ ಬೀಳುತ್ತದೆಂದು ಮೇಲಕ್ಕೆ ತಿರುಗಿಸುವವರನ್ನು, ತಂತಿ ಹಾಕಿ ಬೈಪಾಸ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಿಲೇ ಬಿದ್ದರೆ ಮೂರೂ ಫೇಸ್‌ನ ಆಂಪಿಯರ್ ಅಳೆಯಿರಿ. ಮೂರೂ ಒಂದೇ ಸಮ ಹೆಚ್ಚಿದ್ದರೆ ವೋಲ್ಟೇಜ್ ನೋಡಿ. ಒಂದು ಸೊನ್ನೆಯಾಗಿ ಉಳಿದೆರಡು ಹೆಚ್ಚಿದ್ದರೆ ಒಂದು ಫೇಸ್ ಇಲ್ಲ, ತಕ್ಷಣ ನಿಲ್ಲಿಸಿ. ವೋಲ್ಟೇಜ್ ಸರಿಯಿದ್ದೂ ಮೂರೂ ಹೆಚ್ಚಿದ್ದರೆ ಪಂಪ್‌ನಲ್ಲಿ ಮರಳು ಸಿಕ್ಕಿದೆಯೇ, ಬೇರಿಂಗ್ ಹಿಡಿದಿದೆಯೇ ಎಂದು ನೋಡಬೇಕು.

ದೂರು ಕೊಡುವಾಗ

ಮೀಟರ್‌ನಿಂದ ಈಚೆ ಸೋರಿಕೆ ಉದ್ದಕ್ಕೆ ತಕ್ಕಷ್ಟೇ ಇದ್ದು, ಮೀಟರ್ ಬಳಿಯೇ ವೋಲ್ಟೇಜ್ ಕುಸಿಯುತ್ತಿದ್ದರೆ ಸಂಗತಿ ವಿದ್ಯುತ್ ಕಂಪನಿ ಹೆಸ್ಕಾಂಗೆ ಸೇರಿದ್ದು. 1912ಕ್ಕೆ ಕರೆ ಮಾಡಿ ಅಥವಾ ಶಾಖಾ ಕಚೇರಿಗೆ ಅರ್ಜಿ ಕೊಡಿ. ವೋಲ್ಟೇಜ್ ಬರುವುದಿಲ್ಲ ಎಂದಷ್ಟೇ ಬರೆದರೆ ಎಲ್ಲರ ಅರ್ಜಿಯಂತೆ ಅದೂ ಒಂದಾಗುತ್ತದೆ. ದಿನಾಂಕ ಮತ್ತು ಹೊತ್ತು, ಮೀಟರ್ ಬಳಿ ಭಾರ ಇಲ್ಲದಾಗಿನ ವೋಲ್ಟೇಜ್, ಭಾರ ಹಾಕಿದಾಗಿನ ವೋಲ್ಟೇಜ್, ಆಗಿನ ಆಂಪಿಯರ್ ಇವನ್ನು ಬರೆಯಿರಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತಿನದೂ ಇರಲಿ. ಪಂಪ್‌ಗಳ ಹೊತ್ತಿನಲ್ಲಿ ಮಾತ್ರ ಕುಸಿಯುತ್ತಿದ್ದರೆ ಟಿಸಿಯ ಮೇಲೆ ಭಾರ ಹೆಚ್ಚಿರಬಹುದು. ಪಂಪ್ ಓಡಲಿ ಬಿಡಲಿ, ನಿಮ್ಮ ಒಬ್ಬರ ಕಾಯಿಲ್‌ಗೇ ಹತ್ತಾರು ವೋಲ್ಟ್ ಬಿದ್ದರೆ ಕಂಬದ ಮೇಲಿನ ನಿಮ್ಮ ಸರ್ವಿಸ್ ವೈರ್‌ನ ಜೋಡಣೆ ಸಡಿಲವಾಗಿರುವ ಸಂಭವ ಹೆಚ್ಚು, ಅದನ್ನು ಲೈನ್‌ಮನ್ ಬಂದ ದಿನವೇ ಬಿಗಿದುಕೊಡಬಹುದು. ಅಕ್ಕಪಕ್ಕದ ವಸ್ತಿಯವರೂ ಅದೇ ಹೊತ್ತಿಗೆ ಅಳೆದು ಕೊಟ್ಟರೆ ಎರಡರಲ್ಲಿ ಯಾವುದು ಎಂಬುದು ಅರ್ಜಿಯಲ್ಲೇ ಸ್ಪಷ್ಟವಾಗುತ್ತದೆ.